ಖಾಲಿ ಬೆಂಚಿನ ಮುಂದೆ ಶಾಲೆಯ ಹೊಣೆ

(ಶಾಲೆಯೊಂದರ ಅಧ್ಯಾಪಕ-ರಕ್ಷಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನವು ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಮಂದಿಯ ಪೈಕಿ 158 ಮಂದಿ ಮೃತರಾದರು. ಬದುಕುಳಿದವರು 8 ಮಂದಿ ಮಾತ್ರ. ಅದು ಬೇಸಿಗೆ ರಜೆಯ ಕಾಲ. ತನಿಖೆ, ಪರಿಹಾರಧನ, ರನ್‌ವೇಯ ವಿನ್ಯಾಸ ಇತ್ಯಾದಿಗಳ ಬಗ್ಗೆ ನಾವು ವರ್ಷಗಟ್ಟಲೆ ಚರ್ಚಿಸಿದೆವು. ಆದರೆ, ರಜೆ ಮುಗಿಸಿ ತರಗತಿಗೆ ಮರಳಿದ ತಬ್ಬಲಿ ಮಗುವಿನೊಂದಿಗೆ ಅಧ್ಯಾಪಕರು ಹೇಗೆ ಮಾತಾಡಬೇಕೆಂದು ಎಷ್ಟು ಚರ್ಚಿಸಿದೆವು?

ಸಾವು ಸಂಭವಿಸಿದಾಗ ಶಾಲೆಗಳು ಎರಡು ನಿಮಿಷ ಮೌನ ಆಚರಿಸಿ ರಜೆ ಘೋಷಿಸುತ್ತವೆ. ಅದು ತಪ್ಪಲ್ಲ. ಆದರೆ ಶಾಲೆಯ ಹೊಣೆ ಆರಂಭವಾಗುವುದೇ ಮರುದಿನ.

ನಾನು ಆರನೆಯ ತರಗತಿಯಲ್ಲಿದ್ದಾಗ ಸಹಪಾಠಿಯೊಬ್ಬ ಮಳೆಗಾಲದ ಹೊಳೆಯಲ್ಲಿ ಮುಳುಗಿ ತೀರಿಕೊಂಡ. ಮರುದಿನ ಅಧ್ಯಾಪಕರು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದು ಮುಂದಿನ ಸಂಖ್ಯೆಯನ್ನು ಕರೆದರು. ಅವರು ಕಠಿಣ ಹೃದಯಿಯಾಗಿರಲಿಲ್ಲ, ಏನು ಹೇಳಬೇಕೆಂದು ಅವರಿಗೆ ತಿಳಿದಿರಲಿಲ್ಲ, ಅಷ್ಟೇ. ಅವನ ಹೆಸರನ್ನು ಉಚ್ಚರಿಸುವುದೇ ತಪ್ಪೆಂದು ನಾವು ಭಾವಿಸಿದೆವು.

ಆದ್ದರಿಂದ ಮೊದಲು ಮನೆಯವರನ್ನು ಸಂಪರ್ಕಿಸಿ. ಏನು ನಡೆಯಿತೆಂದು ಖಚಿತಪಡಿಸಿಕೊಳ್ಳಿ, ಮಕ್ಕಳಿಗೆ ಎಷ್ಟು ತಿಳಿಸಬಹುದೆಂದು ಕೇಳಿ. ಬಳಿಕ ಮಕ್ಕಳ ಪರಿಚಯವಿರುವ ತರಗತಿ ಅಧ್ಯಾಪಕರೇ ತರಗತಿಯೊಳಗೆ ಅದನ್ನು ತಿಳಿಸಲಿ. ಅದನ್ನು ಅಂಗಳದ ಧ್ವನಿವರ್ಧಕಕ್ಕೆ ಬಿಡಬೇಡಿ. ಆತ್ಮಹತ್ಯೆಯಾಗಿದ್ದರೆ ವಿಧಾನದ ವಿವರ ಬೇಡ, ವೈಭವೀಕರಣವೂ ಬೇಡ.

‘ತೀರಿಕೊಂಡರು’ ಎಂದೇ ಹೇಳಿ. ‘ದೂರದ ಊರಿಗೆ ಹೋಗಿದ್ದಾರೆ’ ಎನ್ನುವುದು ನಮಗೆ ಸಾಂತ್ವನದ ಮಾತು. ಆದರೆ ಗಲ್ಫಿನ ದುಡಿಮೆಯನ್ನು ಅವಲಂಬಿಸಿದ ಮನೆಯ ಮಗು ತಂದೆಯನ್ನು ಪ್ರತಿಬಾರಿಯೂ ದೂರದೂರಿಗೇ ಕಳುಹಿಸಿಕೊಡುತ್ತದೆ. ಹೋದವರು ಮರಳಿ ಬರುತ್ತಾರೆಂಬುದು ಅದರ ಅನುಭವ. ಅದು ಕಾಯುತ್ತಲೇ ಇರುತ್ತದೆ. ‘ನಿದ್ರಿಸಿದ್ದಾರೆ’ ಎಂದರೆ ಪುಟ್ಟ ಮಗು ನಿದ್ರಿಸಲು ಹೆದರಬಹುದು.

ಗೆಳೆಯರಿಗೆ ಅಳಲು, ಪ್ರಶ್ನಿಸಲು ಅವಕಾಶವಿರಲಿ. ಬೆಂಚನ್ನು ರಾತ್ರೋರಾತ್ರಿ ತೆಗೆಯಬೇಡಿ. ಶಾಲಾ ಕಚೇರಿಯೂ ಎಚ್ಚರ ವಹಿಸಲಿ: ತೀರಿಕೊಂಡ ತಂದೆಯ ಮೊಬೈಲಿಗೆ ಶುಲ್ಕದ ಸಂದೇಶ ಹೋಗದಿರಲಿ, ಅಂಕಪಟ್ಟಿಗೆ ‘ತಂದೆಯ ಸಹಿ ಎಲ್ಲಿ?’ ಎಂದು ಮಗುವನ್ನು ಎಲ್ಲರೆದುರು ಕೇಳದಿರಲಿ.

ಮುಅ್‌ತ ಯುದ್ಧದಲ್ಲಿ ಜಅ್‌ಫರ್(ರ) ಹುತಾತ್ಮರಾದಾಗ ಪ್ರವಾದಿಯವರು(ಸ) ಅವರ ಮಕ್ಕಳನ್ನು ಬಳಿಗೆ ಕರೆಸಿ ಅಪ್ಪಿಕೊಂಡು ಕಣ್ಣೀರಿಟ್ಟರು. ಆ ಮನೆಗೆ ಆಹಾರ ಸಿದ್ಧಪಡಿಸಲು ಹೇಳಿದರು. ನಾವು ಇಷ್ಟನ್ನು ಸ್ಮರಿಸುತ್ತೇವೆ. ಆದರೆ ಮೂರು ದಿನಗಳ ಬಳಿಕ ಅವರು ಮತ್ತೆ ಆ ಮನೆಗೆ ಬಂದು ಮಕ್ಕಳನ್ನು ವಿಚಾರಿಸಿ, ಕ್ಷೌರಿಕನನ್ನು ಕರೆಸಿ ಅವರ ತಲೆಗೂದಲು ತೆಗೆಸಿದರೆಂಬುದನ್ನು ಮರೆಯುತ್ತೇವೆ. ಸ್ವತಃ ಆರರ ಹರೆಯದಲ್ಲಿ ತಾಯಿಯನ್ನು ಕಳಕೊಂಡವರಿಗೆ ಮಗುವಿನ ದುಃಖವು ಮೂರು ದಿನಕ್ಕೆ ಮುಗಿಯದೆಂಬುದು ತಿಳಿದಿತ್ತು.

ಶಾಲೆಯೂ ಮತ್ತೆ ಮತ್ತೆ ವಿಚಾರಿಸಲಿ. ಒಂದು ತಿಂಗಳಾದಾಗ, ಪರೀಕ್ಷೆ ಬಂದಾಗ, ವರ್ಷ ತುಂಬಿದಾಗ ಒಬ್ಬ ಅಧ್ಯಾಪಕರು ಆ ಮಗುವಿನ ಬಳಿ ಕುಳಿತುಕೊಳ್ಳಲಿ. ಅಂಕ ಕುಸಿದರೆ, ಸಿಟ್ಟು ಹೆಚ್ಚಿದರೆ ಶಿಕ್ಷಿಸುವ ಮೊದಲು ಕಾರಣವನ್ನು ಅರಿಯಲಿ. ದುಃಖವು ವಾರಗಟ್ಟಲೆ ಮಗುವಿನ ಊಟ-ನಿದ್ರೆಯನ್ನು ಕಸಿದುಕೊಂಡರೆ ವೈದ್ಯರ ನೆರವು ಪಡೆಯಲು ಮನೆಯವರಿಗೆ ತಿಳಿಸಲಿ.

ಹೆತ್ತವರೇ, ಮನೆಯಲ್ಲಿ ಸಾವು ಸಂಭವಿಸಿದರೆ ಅದನ್ನು ಶಾಲೆಯಿಂದ ಮುಚ್ಚಿಡಬೇಡಿ. ಅಧ್ಯಾಪಕರೇ, ನಿಮ್ಮಲ್ಲಿ ದೊಡ್ಡ ಮಾತುಗಳು ಇರಬೇಕಾಗಿಲ್ಲ. ತೀರಿಕೊಂಡವರ ಹೆಸರನ್ನು ಪ್ರೀತಿಯಿಂದ ಉಚ್ಚರಿಸಬಲ್ಲ ಒಬ್ಬ ಹಿರಿಯರು ಶಾಲೆಯಲ್ಲಿದ್ದಾರೆಂದು ಆ ಮಗುವಿಗೆ ತಿಳಿದರೆ ಸಾಕು.