ಎಣಿಕೆ ಎಲ್ಲಿ ಆಗಬೇಕು? ವಕೀಲ ಎಸ್.ಆರ್. ಬೊಮ್ಮಾಯಿ ಅವರ ಖಟ್ಲೆ



ನವಲಗುಂದ ತಾಲ್ಲೂಕಿನ ನಮ್ಮ ಮೊರಬದಂಥ ಎರಿ ಸೀಮೆಯ ಊರುಗಳಲ್ಲಿ ಖಟ್ಲೆ ಎಂದರೆ ಬದುವಿನದು, ಹೊಲದ ದಾರಿಯದು, ಅಣ್ಣತಮ್ಮಂದಿರ ಪಾಲಿನದು. ಅಜ್ಜ ಹೂಡಿದ ದಾವೆ ಮೊಮ್ಮಗನ ಕಾಲಕ್ಕೆ ಮುಗಿದರೂ ಯಾರೂ ಆಶ್ಚರ್ಯಪಡುವುದಿಲ್ಲ. ಬದುವಿನ ತಕರಾರು ಬಂದಾಗ ಹಿರಿಯರು ಹೇಳುವ ಮಾತು ಒಂದೇ: ಚಾವಡಿಯಲ್ಲಿ ಕೂತು ಬದು ಅಳೆಯಲಿಕ್ಕೆ ಆಗುವುದಿಲ್ಲ, ಹೊಲಕ್ಕೇ ಹೋಗಬೇಕು. ಇದೇ ತಿಳಿವಳಿಕೆಯನ್ನು ದೇಶದ ಅತ್ಯುನ್ನತ ನ್ಯಾಯಾಲಯದ ಬಾಯಿಂದ ಹೇಳಿಸಿದವರು ನಮ್ಮ ಧಾರವಾಡ ಸೀಮೆಯ ವಕೀಲರೊಬ್ಬರು, ಸೋಮಪ್ಪ ರಾಯಪ್ಪ ಬೊಮ್ಮಾಯಿ.

ಈ ಭಾಗದ ರಾಜಕಾರಣ ಬೆಳೆದದ್ದೇ ವಕೀಲರ ಕೈಯಲ್ಲಿ. ಆಲೂರು ವೆಂಕಟರಾಯರು ವಕೀಲಿ ಬಿಟ್ಟು ಏಕೀಕರಣದ ಕೆಲಸಕ್ಕೆ ನಿಂತರು. ಸರ್ ಸಿದ್ದಪ್ಪ ಕಂಬಳಿಯವರು ಹುಬ್ಬಳ್ಳಿಯ ವಕೀಲರು, ಮುಂಬಯಿ ಪ್ರಾಂತದಲ್ಲಿ ಮಂತ್ರಿಯಾದವರು. ಬೊಮ್ಮಾಯಿ ಅದೇ ಸಾಲಿನವರು. ಹುಟ್ಟಿದ್ದು 1924ರ ಜೂನ್ 6ರಂದು, ಈಗ ಹಾವೇರಿ ಜಿಲ್ಲೆಗೆ ಸೇರಿರುವ ಕಾರಡಗಿಯಲ್ಲಿ. ಎಂ.ಎನ್. ರಾಯ್ ಅವರ ವಿಚಾರಗಳನ್ನು ಮೆಚ್ಚಿಕೊಂಡವರು, ಏಕೀಕರಣ ಚಳವಳಿಯಲ್ಲಿ ದುಡಿದವರು. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಮತ್ತೆ ಮತ್ತೆ ಆರಿಸಿಬಂದರು. ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟ ಮೇಲೆ 1988ರ ಆಗಸ್ಟ್ 13ರಂದು ಮುಖ್ಯಮಂತ್ರಿಯಾದರು. ಆ ಕುರ್ಚಿ ಉಳಿದದ್ದು ಎಂಟೇ ತಿಂಗಳು.

ಆ ಏಪ್ರಿಲ್ ತಿಂಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1989ರ ಏಪ್ರಿಲ್ 15ರಂದು ಸಂಪುಟ ವಿಸ್ತರಣೆಯಾಯಿತು, 13 ಮಂದಿ ಹೊಸಬರು ಬಂದರು. ಎರಡೇ ದಿನಕ್ಕೆ ಶಾಸಕ ಕೆ.ಆರ್. ಮೊಳಕೇರಿ ಆಡಳಿತ ಪಕ್ಷ ಬಿಟ್ಟರು. ಸರ್ಕಾರಕ್ಕೆ ಬೆಂಬಲ ಇಲ್ಲ ಎಂಬ 19 ಶಾಸಕರ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗೆ ಕೊಟ್ಟರು. ರಾಜ್ಯಪಾಲರು 19ರಂದು ದೆಹಲಿಗೆ ವರದಿ ಬರೆದರು. ಮರುದಿನವೇ ಆ 19 ಮಂದಿಯಲ್ಲಿ ಏಳು ಜನ ತಿರುಗಿ ಬಂದು, ತಪ್ಪು ಹೇಳಿ ನಮ್ಮಿಂದ ಸಹಿ ಮಾಡಿಸಿಕೊಂಡಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದರು. ಬೊಮ್ಮಾಯಿ ಕಾನೂನು ಮಂತ್ರಿಯನ್ನು ಕರೆದುಕೊಂಡು ರಾಜಭವನಕ್ಕೆ ಹೋದರು. ಅಧಿವೇಶನ ಕರೆಯುತ್ತೇನೆ, ಬೇಕಾದರೆ ಇನ್ನೂ ಮುಂಚೆಯೇ ಕರೆಯುತ್ತೇನೆ, ಅಲ್ಲಿ ಬಹುಮತ ತೋರಿಸುತ್ತೇನೆ ಎಂದು ಕೇಳಿಕೊಂಡರು. ರಾಜ್ಯಪಾಲರು ಒಪ್ಪಲಿಲ್ಲ, ಎರಡನೆಯ ವರದಿ ಕಳಿಸಿದರು. 21ರಂದು ರಾಷ್ಟ್ರಪತಿಗಳ ಘೋಷಣೆ ಹೊರಟಿತು. ಸರ್ಕಾರವೂ ಹೋಯಿತು, ವಿಧಾನಸಭೆಯೂ ಹೋಯಿತು. ಯಾರಿಗೆ ಎಷ್ಟು ಬಲ ಎಂಬುದನ್ನು ಸದನದಲ್ಲಿ ಒಂದು ಸಲವೂ ಎಣಿಸಲಿಲ್ಲ.

ಹೀಗೆ ಎಣಿಸದೆ ಸರ್ಕಾರ ತೆಗೆಯುವ ಚಟ ಬಹಳ ಹಳೆಯದು. ಇಂಗ್ಲೆಂಡಿನಲ್ಲಿ ಮೂರನೆಯ ಜಾರ್ಜ್ ದೊರೆ 1783ರ ಡಿಸೆಂಬರಿನಲ್ಲಿ ಇದನ್ನೇ ಮಾಡಿದ. ಫಾಕ್ಸ್ ಮತ್ತು ನಾರ್ತ್ ಅವರ ಸರ್ಕಾರಕ್ಕೆ ಕಾಮನ್ಸ್ ಸಭೆಯಲ್ಲಿ ಬಹುಮತವಿತ್ತು. ಜಗಳ ಹತ್ತಿದ್ದು ನಮ್ಮ ದೇಶದ ಕಾರಣಕ್ಕೆ: ಈಸ್ಟ್ ಇಂಡಿಯಾ ಕಂಪನಿಗೆ ಮೂಗುದಾರ ಹಾಕುವ ಮಸೂದೆ ಅದು. ಅದಕ್ಕೆ ಮತ ಕೊಟ್ಟವರು ತನಗೆ ವೈರಿಗಳು ಎಂಬ ಮಾತನ್ನು ದೊರೆ ಲಾರ್ಡ್ಸ್ ಸಭೆಯವರ ಕಿವಿಗೆ ಮುಟ್ಟಿಸಿದ. ಮಸೂದೆ ಬಿತ್ತು, ಮಂತ್ರಿಗಳನ್ನು ಮನೆಗೆ ಕಳಿಸಿದ. ವಕೀಲಿ ಓದಿದ್ದ 24 ವರ್ಷದ ವಿಲಿಯಂ ಪಿಟ್ ಪ್ರಧಾನಿಯಾದ. ಕಾಮನ್ಸ್ ಸಭೆ ಅವನನ್ನು ಮೇಲಿಂದ ಮೇಲೆ ಸೋಲಿಸಿತು. ಮೂರು ತಿಂಗಳಿಗೆ ದೊರೆ ಆ ಸಭೆಯನ್ನೇ ವಿಸರ್ಜಿಸಿದ. ಚುನಾವಣೆಯಲ್ಲಿ ಪಿಟ್ ಗೆದ್ದ, ಅದರಿಂದ ಮೊದಲಿನ ಅನ್ಯಾಯ ಮರೆತುಹೋಯಿತು.

ನಮ್ಮ ಸಂವಿಧಾನದಲ್ಲಿ ಹೀಗೆ ರಾಜ್ಯ ಸರ್ಕಾರ ತೆಗೆದು ರಾಷ್ಟ್ರಪತಿ ಆಳ್ವಿಕೆ ತರುವ ಬಾಗಿಲು 356ನೆಯ ವಿಧಿ. ಅದನ್ನು ಬಳಸುವ ಪ್ರಸಂಗವೇ ಬಾರದಿರಲಿ ಎಂದು ಅಂಬೇಡ್ಕರ್ ಆಶಿಸಿದ್ದರು. ಆದರೆ ಎಲ್ಲ ಪಕ್ಷದವರೂ ಬಳಸಿದರು. 1977ರಲ್ಲಿ ಕೇಂದ್ರದ ಜನತಾ ಸರ್ಕಾರ ಒಂದೇ ಏಟಿಗೆ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಲು ಹೊರಟಾಗ, ಸಹಿ ಹಾಕಬೇಕಾದ ಹಂಗಾಮಿ ರಾಷ್ಟ್ರಪತಿ ನಮ್ಮವರೇ, ಜಮಖಂಡಿಯ ವಕೀಲ ಬಿ.ಡಿ. ಜತ್ತಿ. ಅವರು ತಕ್ಷಣ ಸಹಿ ಹಾಕಲಿಲ್ಲ, ಅನುಮಾನಿಸಿದರು, ಕಡೆಗೆ ಹಾಕಿದರು. ಮೂರು ವರ್ಷಕ್ಕೆ ಇಂದಿರಾ ಗಾಂಧಿಯವರ ಸರ್ಕಾರ ಬಂದು ಮತ್ತೆ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿತು. ಬೊಮ್ಮಾಯಿಯವರಿಗೆ ಆದ ಅನ್ಯಾಯದ ಬೀಜವನ್ನು ಅವರದೇ ಜನತಾ ಬಳಗದವರೂ ಬಿತ್ತಿದ್ದರು. ಅವರನ್ನು ಮೆಚ್ಚುವವರೂ ಇದನ್ನು ಒಪ್ಪಿಕೊಳ್ಳಬೇಕು.

ಅಧಿಕಾರ ಕಳೆದುಕೊಂಡವರು ಸಾಮಾನ್ಯವಾಗಿ ಬೀದಿಗೆ ಇಳಿಯುತ್ತಾರೆ, ಮುಂದಿನ ಚುನಾವಣೆಗೆ ಕಾಯುತ್ತಾರೆ. ಬೊಮ್ಮಾಯಿ ಐದೇ ದಿನಕ್ಕೆ, ಏಪ್ರಿಲ್ 26ರಂದು, ಹೈಕೋರ್ಟಿಗೆ ಅರ್ಜಿ ಹಾಕಿದರು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅದನ್ನು ತಳ್ಳಿಹಾಕಿತು. ಅಷ್ಟರಲ್ಲಿ ಚುನಾವಣೆ ಬಂತು, ಕಾಂಗ್ರೆಸ್ 178 ಸ್ಥಾನ ಗೆದ್ದಿತು, ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಖಟ್ಲೆ ಗೆದ್ದರೂ ಇನ್ನು ಕುರ್ಚಿ ಬರುವುದಿಲ್ಲ ಎಂದು ಬೊಮ್ಮಾಯಿಯವರಿಗೆ ಗೊತ್ತಿತ್ತು. ಆದರೂ ಸುಪ್ರೀಂ ಕೋರ್ಟಿನಲ್ಲಿ ಅದನ್ನು ಕೈಬಿಡಲಿಲ್ಲ. ಅವರ ಇಡೀ ಬದುಕಿನಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದು. ತನಗೆ ಏನೂ ಸಿಗದ ದಾವೆಯನ್ನು ನಡೆಸುವುದಕ್ಕೆ ಕಾಯ್ದೆಯ ಮೇಲೆ ದೊಡ್ಡ ನಂಬಿಕೆ ಬೇಕು.

1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು, ರಾಜ್ಯಪಾಲರ ಸ್ವಂತ ಅಂದಾಜಿನ ಮೇಲೆ ಅಲ್ಲ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದೇ ಹೊರತು ವಿಸರ್ಜಿಸುವಂತಿಲ್ಲ. ಕರ್ನಾಟಕದ ಜೊತೆ ನಾಗಾಲ್ಯಾಂಡ್, ಮೇಘಾಲಯಗಳ ಘೋಷಣೆಯೂ ಸಂವಿಧಾನಕ್ಕೆ ವಿರುದ್ಧ ಎನಿಸಿತು. ಬಾಬರಿ ಮಸೀದಿ ಧ್ವಂಸದ ನಂತರ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲಗಳಲ್ಲಿ ಸರ್ಕಾರಗಳನ್ನು ವಜಾ ಮಾಡಿದ್ದನ್ನು ಅದೇ ಪೀಠ ಎತ್ತಿಹಿಡಿಯಿತು. ಅದಕ್ಕೆ ಕಾರಣವಾಗಿ, ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ ಎಂದಿತು.

ಬೊಮ್ಮಾಯಿ ಆಮೇಲೆ 1996ರಿಂದ 1998ರ ವರೆಗೆ ಕೇಂದ್ರದಲ್ಲಿ ಮಾನವ ಸಂಪನ್ಮೂಲ ಮಂತ್ರಿಯಾಗಿದ್ದರು, 2007ರ ಅಕ್ಟೋಬರ್ 10ರಂದು ತೀರಿಕೊಂಡರು.

ಅವರ ಖಟ್ಲೆಯ ತೀರ್ಪು ಎಷ್ಟು ಗಟ್ಟಿ ಎಂಬುದು ನಮ್ಮ ವಿಧಾನಸೌಧದಲ್ಲೇ ಕಂಡಿತು. 2018ರ ಮೇ ತಿಂಗಳಲ್ಲಿ ಬಿ.ಎಸ್. ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟು ಅದನ್ನು ಮರುದಿನಕ್ಕೇ ಇಳಿಸಿತು: 19ನೆಯ ತಾರೀಕು, ಸಂಜೆ ನಾಲ್ಕು ಗಂಟೆ, ಸದನದಲ್ಲಿ. ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಅಂದು ಆ ಸದನದಲ್ಲಿ ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿಯವರೂ ಯಡಿಯೂರಪ್ಪನವರ ಪಕ್ಷದ ಶಾಸಕರಾಗಿದ್ದರು.