ಕಾಲುಸಂಕ



ಕಾರ್ಕಳದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿ, ಘಟ್ಟದ ಬುಡಕ್ಕೆ ಮಾಳವೆಂಬ ಗ್ರಾಮವಿದೆ. ನಮ್ಮ ಬಯಲುಸೀಮೆಯಂತೆ ಅತ್ತ ಗೋಡೆಗೆ ಗೋಡೆ ಹತ್ತಿದ ಮನೆಗಳಿಲ್ಲ. ತೋಟಕ್ಕೊಂದು ಮನೆ, ನಡುವೆ ಹಳ್ಳ, ಕಾಡು. ವರುಷಕ್ಕೆ 4000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆಯದು. ಮಳೆಗೆ ಮುನ್ನ ಅಡಕೆಮರದ ಕಾಂಡ ಜೋಡಿಸಿ ಹಳ್ಳಕ್ಕೆ ಕಾಲುಸಂಕ ಹಾಕುವುದು ಅಲ್ಲಿಯ ರೂಢಿ.

ನಾವು ಅತ್ತ ಹೋದಾಗ ವೃದ್ಧರೊಬ್ಬರು ಒಬ್ಬರೇ ಸಂಕ ಕಟ್ಟುತ್ತಿದ್ದರು. "ಮಕ್ಕಳೆಲ್ಲಿ, ಯಜಮಾನರೆ?" ಎಂದೆವು.

"ಮುಂಬಯಿ, ಮಣಿಪಾಲ ಸೇರಿದರು ಸ್ವಾಮೀ. ಮಳೆಗಾಲದಲ್ಲಿ ನಾನು ಹಳ್ಳ ದಾಟುವುದಿಲ್ಲ. ಆಚೆ ಮನೆಯ ಮಗು ಶಾಲೆಗೆ ಹೋಗಬೇಕಲ್ಲ!"

ಕಾಯಕದ ಅರ್ಥವನ್ನು ಎಷ್ಟೋ ಸಭೆಗಳಲ್ಲಿ ಹೇಳಿದ ನಮಗೆ ಅಂದು ಪಾಠವಾಯಿತು. ತನ್ನ ಹೊಟ್ಟೆಗಷ್ಟೇ ದುಡಿದರೆ ಅದು ದುಡಿಮೆ; ಆ ದುಡಿಮೆ ಹೆರವರಿಗೂ ದಾರಿಯಾದಾಗ ಕಾಯಕ, ದಾಸೋಹ.

ಸುಳ್ಯದ ಗಿರೀಶ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಮುಂದೆ ಅಂಥ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಆದರೆ ಸಣ್ಣ ಹಳ್ಳಗಳಿಗೆ ಇಂದಿಗೂ ನೆರೆಯವನ ಕೈಯೇ ಗತಿ. ಆ ವೃದ್ಧರ ಮೈಯಲ್ಲಿ ಇನ್ನೆಷ್ಟು ಮಳೆಗಾಲದ ಕಸುವಿದ್ದೀತು?

ಊರು ಬಿಟ್ಟು ಬಂದವರೆ, ಮಳೆಗೆ ಮುನ್ನ ಒಂದು ದಿನ ಹೋಗಿ ಸಂಕಕ್ಕೆ ಹೆಗಲು ಕೊಡಿ. ಅದೂ ಲಿಂಗಪೂಜೆಯೇ.

ನಿಮ್ಮೆಲ್ಲರಿಗೂ ಮಂಗಳವಾಗಲಿ.