ಹುಲಿ ಎಣಿಸಿದ ಕಥೆ



ನಮ್ಮ ದೇಶದ ಕಾಡುಗಳಲ್ಲಿ ಹುಲಿಗಳೆಷ್ಟು? 1972ರಲ್ಲಿ ಸರ್ಕಾರ ಕೊಟ್ಟ ಉತ್ತರ 1,827. ಲೆಕ್ಕ ಹಿಡಿದದ್ದು ಹೆಜ್ಜೆಗುರುತಿನಿಂದ. ಪದ್ಧತಿ ರೂಪಿಸಿದವರು ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ. ಖೈರಿ ಎಂಬ ಹೆಣ್ಣು ಹುಲಿಯನ್ನು ಮನೆಯಲ್ಲೇ ಸಾಕಿದ್ದ ಮನುಷ್ಯ.

ಗೊತ್ತುಮಾಡಿದ ದಿನಗಳಲ್ಲಿ ಗಾರ್ಡುಗಳು, ವಾಚರುಗಳು ಕಾಡುದಾರಿಯ ಧೂಳನ್ನೇ ನೋಡುತ್ತ ನಡೆಯಬೇಕು. ಹಿಂಗಾಲಿನ ಗುರುತು ಕಂಡರೆ ಮೇಲೆ ಗಾಜಿಟ್ಟು, ಅಂಚು ತಿದ್ದಿ, ಕಾಗದಕ್ಕಿಳಿಸಬೇಕು. ಆಮೇಲೆ ಕಚೇರಿಯಲ್ಲಿ ಚಿತ್ರಗಳನ್ನು ಹರಡಿಕೊಂಡು ಇದು ಬೇರೆ ಹುಲಿ, ಇದು ಅದೇ ಹುಲಿ ಎಂದು ವಿಂಗಡಿಸುವುದು. ಆದರೆ ಒಂದೇ ಹುಲಿಯ ಪಾದ ಕೆಸರಿನಲ್ಲಿ ಒಂದು ಆಕಾರ, ಒಣಧೂಳಿನಲ್ಲಿ ಇನ್ನೊಂದು. ಅದೂ ಹೋಗಲಿ, ಒಂದನ್ನೂ ಬಿಡದೆ ಎಣಿಸಿದ್ದೇವೆ ಅಂದುಕೊಂಡಿದ್ದರಲ್ಲ, ಅಲ್ಲೇ ಎಡವಿದ್ದು.

ಬೇರೆ ದಾರಿ ತೋರಿಸಿದ್ದು ನಮ್ಮ ನಾಗರಹೊಳೆ. ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ತೊಂಬತ್ತರ ದಶಕದಲ್ಲಿ ಅಲ್ಲಿ ಕಾಡುದಾರಿಯ ಎರಡೂ ಬದಿಗೆ ಎದುರುಬದುರು ಕ್ಯಾಮೆರಾ ಕಟ್ಟಿಸಿದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ಫೋಟೋದಲ್ಲಿ ಪಟ್ಟೆ ನೋಡಿ ಯಾವ ಹುಲಿಯೆಂದು ಹೇಳಬಹುದು. ಕ್ಯಾಮೆರಾ ಎರಡು ಯಾಕೆಂದರೆ, ಹುಲಿಯ ಎಡಮಗ್ಗುಲಿನ ಪಟ್ಟೆಯೇ ಬೇರೆ, ಬಲಮಗ್ಗುಲಿನದೇ ಬೇರೆ.

ಇದರ ಹಿಂದಿನ ಗಣಿತ ಹಳೆಯದು. ಡೆನ್ಮಾರ್ಕಿನ ಪೀಟರ್ಸನ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಮೀನುಗಳಿಗೆ ಗುರುತು ಕಟ್ಟಿ ಬಿಟ್ಟಿದ್ದ. ಅಮೆರಿಕದ ಲಿಂಕನ್ 1930ರಲ್ಲಿ ಕಾಲಿಗೆ ಬಳೆ ತೊಡಿಸಿದ ಬಾತುಗಳಿಂದ ಒಟ್ಟು ಬಾತುಗಳನ್ನು ಅಂದಾಜು ಮಾಡಿದ. ಹುಲಿಗೆ ಹುಟ್ಟಿನಿಂದಲೇ ಗುರುತಿದೆ, ಹಿಡಿಯುವ ಗೊಡವೆಯಿಲ್ಲ. ಮೊದಲ ಸುತ್ತಿನಲ್ಲಿ 20 ಹುಲಿಗಳು ಫೋಟೋಕ್ಕೆ ಸಿಕ್ಕವು ಎನ್ನಿ. ಎರಡನೇ ಸುತ್ತಿನಲ್ಲಿ ಸಿಕ್ಕ 25ರಲ್ಲಿ 10 ಹಳೆಯ ಮುಖಗಳು. ಅಂದರೆ ಮೊದಲು ಸಿಕ್ಕ 20 ಕಾಡಿನ ಒಟ್ಟು ಹುಲಿಗಳಲ್ಲೂ 25ಕ್ಕೆ 10ರಷ್ಟೇ ಪಾಲು ಎಂದುಕೊಳ್ಳಬಹುದು. 20ನ್ನು 25ರಿಂದ ಗುಣಿಸಿ 10ರಿಂದ ಭಾಗಿಸಿದರೆ 50. ಎರಡೂ ಸುತ್ತು ಸೇರಿ ಕ್ಯಾಮೆರಾ ಕಂಡದ್ದು 35. ಕಾಣದೇ ಉಳಿದ 15ಕ್ಕೂ ಲೆಕ್ಕ ಸಿಕ್ಕಿತು. ನಿಜವಾದ ಸೂತ್ರಗಳು ಇದಕ್ಕಿಂತ ಜಟಿಲ, ತಿರುಳು ಇಷ್ಟೇ.

ಕಾರಂತರ ಪ್ರಬಂಧ 1995ರಲ್ಲಿ ಅಚ್ಚಾಯಿತು. ಸರ್ಕಾರಕ್ಕೆ ಬಿಸಿ ಮುಟ್ಟಿದ್ದು ಮಾತ್ರ ಹತ್ತು ವರ್ಷದ ನಂತರ, ಗಣತಿಯ ಕಾಗದದಲ್ಲಿ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಉಳಿದಿಲ್ಲವೆಂದು ಗೊತ್ತಾದಾಗ. ಹೆಜ್ಜೆಗುರುತಿನ ಗಣತಿ ಬಿಟ್ಟರು. ಹಳೆಯ ಲೆಕ್ಕದಲ್ಲಿ 2002ಕ್ಕೆ 3,642 ಇದ್ದದ್ದು 2006ರ ಹೊಸ ಅಂದಾಜಿನಲ್ಲಿ 1,411ಕ್ಕೆ ಇಳಿಯಿತು. ನಾಲ್ಕು ವರ್ಷದಲ್ಲಿ ಅಷ್ಟು ಹುಲಿ ಸತ್ತವೆಂದು ಓದಬೇಡಿ. ಎರಡೂ ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ.

2022ರ ಅಂದಾಜು 3,682, ಅದರಲ್ಲಿ ಕರ್ನಾಟಕದ್ದು 563. ಒಂದು ವರ್ಷ ತುಂಬದ ಮರಿಗಳನ್ನು ಇದರಲ್ಲಿ ಸೇರಿಸಿಲ್ಲ.